ಹಾವೇರಿ ಸೀಮೆಯ ಧ್ವನಿವರ್ಧಕ: ಹಾರ್ನಿನಿಂದ ಪವರ್ಡ್ ಸ್ಪೀಕರ್‌ವರೆಗೆ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಭಾಗದ ಜಾತ್ರೆ, ಆಟ, ನಾಟಕ, ಸಭೆಗಳಿಗೆ ಧ್ವನಿವರ್ಧಕ ಬಂದದ್ದು 20ನೇ ಶತಮಾನದಲ್ಲಿ. ಅದಕ್ಕೂ ಮೊದಲು ಸಾವಿರಾರು ಜನರಿಗೆ ಮಾತು ಮುಟ್ಟಿಸುವ ಕೆಲಸ ಗಂಟಲು, ವಾದ್ಯ ಮತ್ತು ಕೇಳುವವರ ಮೌನ ಈ ಮೂರರದ್ದೇ ಆಗಿತ್ತು. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಆ ಹಳೆಯ ಕ್ರಮ ಇಂದಿಗೂ ಉಳಿದಿದೆ. ದಸರೆಯ ಹೊತ್ತಿಗೆ ನಡೆಯುವ ಮಾಲತೇಶನ ಕಾರಣಿಕದಲ್ಲಿ ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗುತ್ತಾರೆ. ನೆರೆದ ಜನ ಒಮ್ಮೆಲೇ ಸುಮ್ಮನಾಗುತ್ತಾರೆ. ಆಗ ಬರುವ ಕಾರಣಿಕದ ನುಡಿ ತೀರ ಚಿಕ್ಕದು. ದನಿಯನ್ನು ಹಿಗ್ಗಿಸಲು ಬಾರದ ಕಾಲದಲ್ಲಿ ಗದ್ದಲವನ್ನು ತಗ್ಗಿಸುವುದೇ ದಾರಿಯಾಗಿತ್ತು.

ಬಯಲಲ್ಲಿ ದನಿ ಬೇಗ ಸೋರಿಹೋಗುತ್ತದೆ. ತಡೆಯಲು ಗೋಡೆಯಿಲ್ಲದ ಕಡೆ ದೂರ ಇಮ್ಮಡಿಯಾದಾಗಲೆಲ್ಲ ಅದರ ಮಟ್ಟ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ರಾತ್ರಿಯಿಡೀ ನಡೆಯುವ ದೊಡ್ಡಾಟ ಈ ಸೋರಿಕೆಗೆ ತನ್ನದೇ ಪರಿಹಾರ ಕಂಡುಕೊಂಡಿತ್ತು. ಪಾತ್ರಧಾರಿಗಳು ಮಾತನ್ನು ಏರುದನಿಯಲ್ಲಿ ಎಳೆದು ಆಡುತ್ತಿದ್ದರು. ಪದವನ್ನು ಹಿಮ್ಮೇಳದವರು ಜೊತೆಗೂಡಿ ಹಾಡುತ್ತಿದ್ದರು. ಮದ್ದಳೆ, ತಾಳಗಳ ಪೆಟ್ಟು ಊರಾಚೆಗೂ ಕೇಳುತ್ತಿತ್ತು.

19ನೇ ಶತಮಾನದ ಕೊನೆಯ ಹೊತ್ತಿಗೆ ಬೆಳೆದ ವೃತ್ತಿ ನಾಟಕ ಕಂಪನಿಗಳು ಇದಕ್ಕೆ ಹಾರ್ಮೋನಿಯಂ ಸೇರಿಸಿದವು. ಕಾಲಿನಿಂದ ಗಾಳಿ ತುಂಬುವ ದೊಡ್ಡ ಪೇಟಿಯ ದನಿ ಡೇರೆಯ ತುದಿಯವರೆಗೂ ಸಾಗುತ್ತಿತ್ತು. ಕೊನೆಯ ಸಾಲಿನವರಿಗೂ ಕೇಳಲೆಂದು ನಟರು ಎತ್ತರದ ಶ್ರುತಿಯಲ್ಲೇ ಹಾಡುತ್ತಿದ್ದರು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಇಬ್ಬರು ಗವಾಯಿಗಳೂ ಹಾವೇರಿ ಜಿಲ್ಲೆಯವರು. ಪಂಚಾಕ್ಷರ ಗವಾಯಿಗಳು 1892ರಲ್ಲಿ ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದರು, ಪುಟ್ಟರಾಜ ಗವಾಯಿಗಳು 1914ರಲ್ಲಿ ದೇವಗಿರಿಯಲ್ಲಿ. ಆಶ್ರಮದ ಅಂಧ ಮಕ್ಕಳ ಅನ್ನ, ವಿದ್ಯೆಗಾಗಿ ಪುಟ್ಟರಾಜರು ನಾಟಕ ಬರೆದು, ಕಂಪನಿ ಕಟ್ಟಿ ಆಡಿಸಿದರು. ರಂಗಭೂಮಿ ತೆರೆದ ಗಂಟಲಿನಿಂದ ಮೈಕಿಗೆ ದಾಟಿದ್ದು ಅವರ ತಲೆಮಾರಿನಲ್ಲೇ.

ಸುರುಳಿ ಮತ್ತು ಕಾಗದದ ಕೋನು ಸೇರಿ ದನಿ ಹೊರಡಿಸುವ ಇಂದಿನ ಮಾದರಿಯ ಸ್ಪೀಕರನ್ನು 1925ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ರೂಪಿಸಿದರು. ಭಾರತದಲ್ಲಿ ಸಾರ್ವಜನಿಕ ಸಭೆಗಳಿಗೆ ಧ್ವನಿವರ್ಧಕದ ರೂಢಿ ಮಾಡಿಸಿದವರಲ್ಲಿ ಮುಂಬಯಿಯ ಶಿಕಾಗೋ ರೇಡಿಯೋದ ಮೋಟವಾನೆ ಕುಟುಂಬ ಮೊದಲ ಸಾಲಿನದು. 1931ರ ಕರಾಚಿ ಕಾಂಗ್ರೆಸ್ ಅಧಿವೇಶನದಲ್ಲಿ ಅವರ ಉಪಕರಣಗಳು ಕೆಲಸ ಮಾಡಿದವು. ಮುಂಬಯಿಯ ಸಾಮಗ್ರಿಗೆ ಈ ಕಡೆ ದಾರಿಯೂ ಇತ್ತು: ಹಾವೇರಿ ಭಾಗ 1956ರವರೆಗೆ ಮುಂಬಯಿ ಆಡಳಿತದ ಧಾರವಾಡ ಜಿಲ್ಲೆಯಲ್ಲಿತ್ತು, ಪುಣೆ–ಬೆಂಗಳೂರು ಹೆದ್ದಾರಿಯೂ ರೈಲು ಹಳಿಯೂ ಇದೇ ಸೀಮೆಯ ಮೂಲಕ ಹಾಯುತ್ತವೆ. ಸ್ವಾತಂತ್ರ್ಯಾನಂತರ ದೆಹಲಿಯ ಅಹುಜಾ ಕಂಪನಿಯ ಆಂಪ್ಲಿಫೈಯರ್ ಎಷ್ಟು ಬಳಕೆಗೆ ಬಂತೆಂದರೆ, ಅನೇಕ ಊರುಗಳಲ್ಲಿ ಮೈಕ್‌ಸೆಟ್ ಎಂದರೆ ಅಹುಜಾ ಎಂದೇ ಆಯಿತು.

ಆ ಮೈಕ್‌ಸೆಟ್‌ನ ಅಂಗಗಳು ಕೆಲವೇ: ಒಂದು ಮೈಕು, ಒಂದು ಆಂಪ್ಲಿಫೈಯರ್, ಒಂದೆರಡು ತಗಡಿನ ಹಾರ್ನು. ಕರೆಂಟಿಲ್ಲದ ಹಳ್ಳಿಯಲ್ಲಿ 12 ವೋಲ್ಟಿನ ಬ್ಯಾಟರಿ ಸಾಕಾಗುತ್ತಿತ್ತು. ಅಷ್ಟು ಕಡಿಮೆ ಶಕ್ತಿಯಲ್ಲಿ ಅಷ್ಟು ದೂರ ಕೇಳುವಂತೆ ಮಾಡಿದ್ದು ಹಾರ್ನಿನ ಆಕಾರ. ಸಾಮಾನ್ಯ ಕೋನು ಸ್ಪೀಕರ್ ತನಗೆ ಸಿಕ್ಕ ವಿದ್ಯುತ್ತಿನಲ್ಲಿ ನೂರಕ್ಕೆ ಒಂದೆರಡು ಪಾಲನ್ನು ಮಾತ್ರ ದನಿಯಾಗಿಸುತ್ತದೆ, ಹಾರ್ನು ಅದರ ಹತ್ತಾರು ಪಟ್ಟು. ಆದರೆ ಹಾರ್ನು ಎಲ್ಲ ದನಿಯನ್ನೂ ಒಯ್ಯುವುದಿಲ್ಲ. ಮನುಷ್ಯನ ಕಿವಿಗೆ 20ರಿಂದ 20,000 ಹರ್ಟ್ಸ್‌ವರೆಗೆ ಕೇಳುತ್ತದೆ. ತಗಡಿನ ಹಾರ್ನು ಹೆಚ್ಚುಕಡಿಮೆ 300ರಿಂದ 5,000 ಹರ್ಟ್ಸ್‌ನ ನಡುವಿನದನ್ನಷ್ಟೇ ಚೆನ್ನಾಗಿ ದಾಟಿಸುತ್ತದೆ. ಮಾತಿನ ಸ್ಪಷ್ಟತೆ ಇರುವುದು ಆ ನಡುವಿನಲ್ಲೇ. ಹಾಗಾಗಿ ಭಾಷಣ, ಸಿನಿಮಾ ಪ್ರಚಾರ, ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗುವಿನ ಸುದ್ದಿ ಎಲ್ಲವೂ ಹಾರ್ನಿಗೆ ಹೇಳಿ ಮಾಡಿಸಿದ ಕೆಲಸವಾದವು. ಡೊಳ್ಳಿನ ಗುಡುಗು, ತಬಲಾದ ಎಡದ ನಾದ ಮಾತ್ರ ಅದರಲ್ಲಿ ಸೊರಗಿದವು.

ರಂಗದ ಮೇಲೂ ಮೈಕು ನಟನೆಯ ರೀತಿಯನ್ನು ಬದಲಿಸಿತು. ಮೇಲಿಂದ ಇಳಿಬಿಟ್ಟ ಎರಡು ಮೂರು ಮೈಕುಗಳ ಕೆಳಗೆ ಬಂದು ನಿಂತು ಮಾತಾಡುವುದು ಕಂಪನಿ ನಟರಿಗೆ ಅಭ್ಯಾಸವಾಯಿತು. ಸ್ಪೀಕರಿನ ದನಿ ಮೈಕಿಗೆ ಮರಳಿ ಹೊಕ್ಕು ಕಿರುಚದಂತೆ ಹಾರ್ನುಗಳನ್ನು ಪ್ರೇಕ್ಷಕರತ್ತ ಮುಖ ಮಾಡಿ, ಮೈಕಿಗಿಂತ ಮುಂದೆ ಕಟ್ಟಬೇಕಾಗುತ್ತಿತ್ತು. ಈ ಜಾಗ ಹೊಂದಿಸುವ ಲೆಕ್ಕವೇ ಮೈಕ್‌ಸೆಟ್‌ನವರ ಕಸುಬಿನ ಮೊದಲ ಪಾಠ.

ಎರಡನೇ ತಿರುವು ಟ್ರಾನ್ಸಿಸ್ಟರಿನದು. ಕಾಯಬೇಕಾದ, ಒಡೆಯುವ ಗಾಜಿನ ವಾಲ್ವುಗಳು ಹೋಗಿ ಹಗುರ ಆಂಪ್ಲಿಫೈಯರುಗಳು ಬಂದವು. ಫಿಲಿಪ್ಸ್ ಕಂಪನಿ 1963ರಲ್ಲಿ ತಂದ ಕ್ಯಾಸೆಟ್ ಮುಂದಿನ ಎರಡು ದಶಕಗಳಲ್ಲಿ ಮದುವೆಮನೆ, ಗಣೇಶನ ಪೆಂಡಾಲುಗಳನ್ನು ಹೊಕ್ಕಿತು. ಮಾತಿಗಿಂತ ಹಾಡು ಮುಖ್ಯವಾದಾಗ ಹಾರ್ನಿನ ಜಾಗಕ್ಕೆ ಮರದ ಪೆಟ್ಟಿಗೆಗಳು ಬಂದವು. ಕೆಳದನಿಗೆ 15 ಇಂಚಿನ ಕೋನು, ಮೇಲ್ದನಿಗೆ ಸಣ್ಣ ಹಾರ್ನು ಒಂದೇ ಪೆಟ್ಟಿಗೆಯಲ್ಲಿ ಕೂಡಿದವು. 1980ರ ದಶಕದಲ್ಲಿ ಬಂದ ಡಿಜಿಟಲ್ ಕೀಬೋರ್ಡ್, ರೋಲ್ಯಾಂಡ್‌ನ ಆಕ್ಟಪ್ಯಾಡ್ ಎಂಬ ಬಡಿದು ನುಡಿಸುವ ವಾದ್ಯ ಮುಂತಾದವು ಕ್ರಮೇಣ ಆರ್ಕೆಸ್ಟ್ರಾ ಮತ್ತು ನಾಟಕ ಮೇಳಗಳನ್ನು ಸೇರಿದವು. ಈ ವಾದ್ಯಗಳಿಗೆ ತಮ್ಮದೇ ದನಿಯಿಲ್ಲ. ಸ್ಪೀಕರ್ ಕೊಟ್ಟಷ್ಟೇ ಅವುಗಳ ನಾದ.

ಪೆಟ್ಟಿಗೆಗಳು ಬೆಳೆದಂತೆ ಕಾನೂನೂ ಬಂತು. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವುದನ್ನು ನಿಷೇಧಿಸಿದವು. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿಯಾಯಿತು. ಹಬ್ಬ, ಉತ್ಸವಗಳಿಗೆ ವರ್ಷದಲ್ಲಿ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಬೆಳಗಿನವರೆಗೆ ಆಡುವ ಬಯಲಾಟಕ್ಕೆ ಈ ಗಡುವು ನೇರವಾಗಿ ತಟ್ಟುತ್ತದೆ.

ಮೂರನೇ ತಿರುವಿನಲ್ಲಿ ಆಂಪ್ಲಿಫೈಯರ್ ಸ್ಪೀಕರಿನ ಪೆಟ್ಟಿಗೆಯೊಳಗೇ ಸೇರಿತು. 1990ರ ದಶಕದ ನಡುವೆ ಜೆಬಿಎಲ್‌ನ ಇಯಾನ್‌ನಂಥ ಪ್ಲಾಸ್ಟಿಕ್ ಮೈಯ ಪವರ್ಡ್ ಪೆಟ್ಟಿಗೆಗಳು ಮಾರುಕಟ್ಟೆಗೆ ಬಂದವು. ಅದೇ ಕಾಲದಲ್ಲಿ ಆರ್ಕೆಸ್ಟ್ರಾ ಮೇಳಗಳಲ್ಲೂ ಕಾಣುವ ಗಿಟಾರಿನ ಲೋಕವೂ ಬದಲಾಯಿತು. ವಾಲ್ವ್ ಆಂಪ್ಲಿಫೈಯರ್ ಮತ್ತು ಅದರ ಸ್ಪೀಕರಿನ ನಾದವನ್ನು ಲೆಕ್ಕದಿಂದಲೇ ಕಟ್ಟಿಕೊಡುವ ಡಿಜಿಟಲ್ ಮಾಡೆಲರುಗಳು ಬಂದವು: 1995ರಲ್ಲಿ ರೋಲ್ಯಾಂಡ್‌ನ ವಿಜಿ-8, 1998ರಲ್ಲಿ ಲೈನ್ 6 ಕಂಪನಿಯ ಪಾಡ್.

ಗಿಟಾರಿಗೆಂದೇ ಮಾಡಿದ ಪೆಟ್ಟಿಗೆ ತಟಸ್ಥವಲ್ಲ. ಅದು ಸುಮಾರು 5,000 ಹರ್ಟ್ಸ್‌ನ ಮೇಲಿನದನ್ನು ತಾನೇ ಕತ್ತರಿಸಿ, ಒರಟು ದನಿಯನ್ನು ಮೆದು ಮಾಡುತ್ತದೆ. ಮಾಡೆಲರ್ ಆ ಕತ್ತರಿಯನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ. ಅದನ್ನು ಮತ್ತೆ ಗಿಟಾರ್ ಪೆಟ್ಟಿಗೆಗೆ ಕೊಟ್ಟರೆ ಎರಡು ಸಲ ಕತ್ತರಿಸಿದಂತಾಗಿ ನಾದ ಮಂಕಾಗುತ್ತದೆ. ಆದ್ದರಿಂದ ಮಾಡೆಲರಿಗೆ ಬೇಕಾದದ್ದು ಕೆಳದನಿಯಿಂದ ಮೇಲ್ದನಿಯವರೆಗೆ ಏನನ್ನೂ ಕೂಡಿಸದೆ, ಕಳೆಯದೆ ದಾಟಿಸುವ ಪೂರ್ಣವ್ಯಾಪ್ತಿಯ ಪವರ್ಡ್ ಸ್ಪೀಕರ್. ಕೀಬೋರ್ಡ್, ರಿದಂ ಪ್ಯಾಡುಗಳಿಗೂ ಇದೇ ಸರಿ.

ಅಂಥ ಸ್ಪೀಕರಿನ ಆಯ್ಕೆಯಲ್ಲಿ ಮೊದಲು ನೋಡಬೇಕಾದದ್ದು ಪೆಟ್ಟಿಗೆಯ ಮೇಲೆ ಅಚ್ಚಾದ ವ್ಯಾಟಲ್ಲ. ಅಲ್ಲಿ ಕಾಣುವ 1,000, 2,000 ವ್ಯಾಟ್ ಸಾಮಾನ್ಯವಾಗಿ ಕ್ಷಣಮಾತ್ರದ ಗರಿಷ್ಠ ಶಕ್ತಿ. ಶಕ್ತಿ ಇಮ್ಮಡಿಯಾದರೆ ದನಿ ಏರುವುದು 3 ಡೆಸಿಬೆಲ್ ಮಾತ್ರ, ಕಿವಿಗೆ ದುಪ್ಪಟ್ಟು ಅನಿಸಲು ಹತ್ತು ಪಟ್ಟು ಶಕ್ತಿ ಬೇಕು. ಹೀಗಾಗಿ ಗರಿಷ್ಠ ಧ್ವನಿಮಟ್ಟದ ಅಂಕಿ ಹೆಚ್ಚು ನಂಬಿಕೆಗೆ ಅರ್ಹ. ಗಿಟಾರಿನ ಅತಿ ಕೆಳಗಿನ ತಂತಿಯ ಸ್ವರ ಸುಮಾರು 82 ಹರ್ಟ್ಸ್. ಅದನ್ನು ಬಯಲಿನಲ್ಲಿ ತುಂಬುದನಿಯಲ್ಲಿ ನುಡಿಸಲು 12 ಇಂಚಿನ ಕೋನು ಸಾಕು, ಮನೆಯ ಅಭ್ಯಾಸಕ್ಕೆ 10 ಇಂಚಿನದೂ ನಡೆಯುತ್ತದೆ. ಪೆಟ್ಟಿಗೆಯ ಹಿಂದೆ ‘ಡಿಜೆ’, ‘ವೋಕಲ್’ ಎಂಬ ಗುಂಡಿಗಳಿದ್ದರೆ ಅವುಗಳನ್ನು ಬಿಟ್ಟು ‘ಫ್ಲ್ಯಾಟ್’ ಇಡಬೇಕು. ಮನೆಯಲ್ಲಿ ಸಣ್ಣ ದನಿಯಲ್ಲಿ ಹೊಂದಿಸಿದ ನಾದ ಪೆಂಡಾಲಿನಲ್ಲಿ ಬೇರೆಯೇ ಕೇಳುತ್ತದೆ, ಏಕೆಂದರೆ ದನಿ ಏರಿದಂತೆ ಕಿವಿ ಕೆಳದನಿಯನ್ನು ಹೆಚ್ಚು ಗ್ರಹಿಸುತ್ತದೆ. ಕಾರ್ಯಕ್ರಮದ ದನಿಯ ಮಟ್ಟದಲ್ಲೇ ಮತ್ತೊಮ್ಮೆ ಹೊಂದಿಸಿಕೊಳ್ಳುವುದು ಅಗತ್ಯ. ಜನರೇಟರಿನ ಮೇಲೆ ನಡೆಯುವ ಜಾತ್ರೆಯ ಕಾರ್ಯಕ್ರಮಕ್ಕೆ ವೋಲ್ಟೇಜಿನ ಏರಿಳಿತ ತಾಳುವ ಪೆಟ್ಟಿಗೆ ಮತ್ತು ಸರಿಯಾದ ಅರ್ಥಿಂಗ್ ಇರಬೇಕು. ಅರ್ಥಿಂಗ್ ಸರಿಯಿಲ್ಲದಿದ್ದರೆ ಗುಂಯ್‌ಗುಡುವಿಕೆ ತಪ್ಪದು.

ಹಾರ್ನು ಮಾತನ್ನು ದೂರಕ್ಕೆ ಒಯ್ದಿತು, ಮರದ ಪೆಟ್ಟಿಗೆ ಹಾಡಿಗೆ ಮೈ ಕೊಟ್ಟಿತು, ಪವರ್ಡ್ ಪೆಟ್ಟಿಗೆ ವಾದ್ಯದ ನಾದಕ್ಕೆ ತನ್ನದೇನನ್ನೂ ಬೆರೆಸದಿರುವುದನ್ನು ಕಲಿತಿತು. ಒಂದು ಇನ್ನೊಂದನ್ನು ಪೂರ್ತಿ ಓಡಿಸಲಿಲ್ಲ. ಪ್ರಚಾರದ ಆಟೋಗಳ ಮೇಲೆ ಹಾರ್ನು ಇಂದಿಗೂ ಕೂಗುತ್ತಿದೆ, ಆ ಕೆಲಸಕ್ಕೆ ಅದಕ್ಕಿಂತ ತಕ್ಕದ್ದು ಇನ್ನೂ ಬಂದಿಲ್ಲ. ಏನು ಕೇಳಿಸಬೇಕು, ಎಷ್ಟು ದೂರ ಕೇಳಿಸಬೇಕು ಎಂಬುದನ್ನು ಮೊದಲು ತೀರ್ಮಾನಿಸಿ ಆಮೇಲೆ ಸ್ಪೀಕರ್ ಕೊಳ್ಳುವುದೇ ಸರಿಯಾದ ಕ್ರಮ.