ಪ್ರಯಾಣ ಬಹುಮಾನ ಕ್ರೆಡಿಟ್ ಕಾರ್ಡ್

ಪ್ರಯಾಣ ಬಹುಮಾನ ಕ್ರೆಡಿಟ್ ಕಾರ್ಡ್ ಎಂಬುದು ಗ್ರಾಹಕರು ಮಾಡುವ ಖರ್ಚಿಗೆ ಪ್ರತಿಯಾಗಿ ವಿಮಾನ ಮೈಲಿ, ಹೋಟೆಲ್ ಪಾಯಿಂಟ್ ಅಥವಾ ರೈಲು ಟಿಕೆಟ್‌ಗೆ ಬಳಸಬಹುದಾದ ಪಾಯಿಂಟ್‌ಗಳನ್ನು ನೀಡುವ ಕ್ರೆಡಿಟ್ ಕಾರ್ಡ್ ಆಗಿದೆ. ಭಾರತದಲ್ಲಿ ಇಂತಹ ಕಾರ್ಡ್‌ಗಳನ್ನು ಬ್ಯಾಂಕುಗಳು ತಮ್ಮ ಹೆಸರಿನಲ್ಲಿ ಅಥವಾ ವಿಮಾನಯಾನ, ಹೋಟೆಲ್ ಮತ್ತು ಟಿಕೆಟ್ ಸಂಸ್ಥೆಗಳ ಜೊತೆಗೂಡಿ ವಿತರಿಸುತ್ತವೆ. ಪಾಯಿಂಟ್ ಎಂಬುದು ಹಣವಲ್ಲ. ಅದರ ಬೆಲೆಯನ್ನು ವಿತರಕ ಸಂಸ್ಥೆಯೇ ನಿಗದಿಪಡಿಸುತ್ತದೆ ಮತ್ತು ಬದಲಿಸಬಲ್ಲದು.

ಇತಿಹಾಸ

ಅಮೆರಿಕನ್ ಏರ್‌ಲೈನ್ಸ್ 1981ರ ಮೇ 1ರಂದು ಆರಂಭಿಸಿದ ಎಅಡ್ವಾಂಟೇಜ್, ಇಂದಿನ ಮೈಲಿ ಯೋಜನೆಗಳಿಗೆ ಮಾದರಿಯಾಯಿತು. ನಂತರ ಬ್ಯಾಂಕುಗಳು ವಿಮಾನ ಸಂಸ್ಥೆಗಳಿಂದ ಮೈಲಿಗಳನ್ನು ಸಗಟಾಗಿ ಕೊಂಡು ತಮ್ಮ ಕಾರ್ಡುದಾರರಿಗೆ ನೀಡತೊಡಗಿದವು.

ಬೆಂಗಳೂರಿನ ಯುಬಿ ಸಮೂಹಕ್ಕೆ ಸೇರಿದ ಕಿಂಗ್‌ಫಿಶರ್ ಏರ್‌ಲೈನ್ಸ್ 2005ರಲ್ಲಿ ಹಾರಾಟ ಆರಂಭಿಸಿ, ಕಿಂಗ್ ಕ್ಲಬ್ ಎಂಬ ಯೋಜನೆಯನ್ನು ನಡೆಸುತ್ತಿತ್ತು. 2012ರ ಅಕ್ಟೋಬರ್‌ನಲ್ಲಿ ಸಂಸ್ಥೆಯ ಹಾರಾಟ ನಿಂತಾಗ, ಸದಸ್ಯರು ಕೂಡಿಟ್ಟ ಮೈಲಿಗಳಿಂದ ಅದರ ವಿಮಾನ ಏರುವ ಅವಕಾಶವೂ ಇಲ್ಲವಾಯಿತು. 2019ರ ಏಪ್ರಿಲ್ 17ರಂದು ಜೆಟ್ ಏರ್‌ವೇಸ್ ಹಾರಾಟ ನಿಲ್ಲಿಸಿದಾಗ ಪರಿಣಾಮ ಭಿನ್ನವಾಗಿತ್ತು. ಅದರ ಜೆಟ್‌ಪ್ರಿವಿಲೇಜ್ ಪ್ರತ್ಯೇಕ ಕಂಪನಿಯಾಗಿದ್ದುದರಿಂದ ಉಳಿದುಕೊಂಡು, ಅದೇ ವರ್ಷ ಇಂಟರ್‌ಮೈಲ್ಸ್ ಎಂದು ಹೆಸರು ಬದಲಿಸಿಕೊಂಡಿತು. 2024ರ ನವೆಂಬರ್ 12ರಂದು ವಿಸ್ತಾರ ಸಂಸ್ಥೆ ಏರ್ ಇಂಡಿಯಾದಲ್ಲಿ ವಿಲೀನಗೊಂಡಾಗ ಕ್ಲಬ್ ವಿಸ್ತಾರ ಸದಸ್ಯರ ಪಾಯಿಂಟ್‌ಗಳು ಏರ್ ಇಂಡಿಯಾದ ಯೋಜನೆಗೆ ವರ್ಗವಾದವು.

ವಿಧಗಳು

* ಸಹ-ಬ್ರಾಂಡ್ ಕಾರ್ಡ್: ಗಳಿಕೆ ಒಂದೇ ಸಂಸ್ಥೆಗೆ ಸೀಮಿತ. 2023ರಲ್ಲಿ ಬಂದ ಮ್ಯಾರಿಯಟ್ ಬಾನ್‌ವಾಯ್ ಎಚ್‌ಡಿಎಫ್‌ಸಿ ಬ್ಯಾಂಕ್ ಕಾರ್ಡ್ ಹೋಟೆಲ್ ಪಾಯಿಂಟ್‌ಗೂ, ಐಆರ್‌ಸಿಟಿಸಿ ಎಸ್‌ಬಿಐ ಕಾರ್ಡ್ ರೈಲು ಟಿಕೆಟ್‌ಗೂ ಉದಾಹರಣೆ.
* ವರ್ಗಾಯಿಸಬಹುದಾದ ಪಾಯಿಂಟ್ ನೀಡುವ ಕಾರ್ಡ್: ಪಾಯಿಂಟ್‌ಗಳು ಬ್ಯಾಂಕಿನಲ್ಲೇ ಉಳಿದು, ಬೇಕಾದಾಗ ಹಲವು ವಿಮಾನ ಅಥವಾ ಹೋಟೆಲ್ ಯೋಜನೆಗಳಲ್ಲಿ ಒಂದಕ್ಕೆ ವರ್ಗವಾಗುತ್ತವೆ. ಒಂದು ಸಂಸ್ಥೆ ಮುಚ್ಚಿದರೂ ಬಳಕೆಯ ಬೇರೆ ದಾರಿ ಉಳಿಯುವುದು ಇದರ ಅನುಕೂಲ. ವರ್ಗಾವಣೆಯ ಅನುಪಾತವನ್ನು ಬ್ಯಾಂಕು ಬದಲಿಸಬಹುದಾಗಿರುವುದು ಅನನುಕೂಲ.

ಲಾಭದ ಲೆಕ್ಕ

100 ರೂಪಾಯಿ ಖರ್ಚಿಗೆ 2 ಮೈಲಿ ದೊರೆತು, ಒಂದು ಮೈಲಿಯ ಬೆಲೆ 50 ಪೈಸೆಯೆಂದು ಭಾವಿಸಿದರೆ ಲಾಭ ಶೇ. 1. ವಾರ್ಷಿಕ ಶುಲ್ಕ 5,000 ರೂ. ಆಗಿದ್ದರೆ, ಶೇ. 18 ಜಿಎಸ್‌ಟಿ ಸೇರಿ 5,900 ರೂ. ಆಗುತ್ತದೆ. ಇತರ ಸೌಲಭ್ಯಗಳನ್ನು ಬಿಟ್ಟರೆ, ಈ ಶುಲ್ಕವನ್ನು ಸರಿದೂಗಿಸಲು ವರ್ಷಕ್ಕೆ 5.9 ಲಕ್ಷ ರೂ. ಖರ್ಚು ಮಾಡಬೇಕು. ಇಂಧನ, ಮನೆ ಬಾಡಿಗೆ, ವಾಲೆಟ್‌ಗೆ ಹಣ ತುಂಬುವುದು ಮುಂತಾದ ಖರ್ಚುಗಳಿಗೆ ಅನೇಕ ಕಾರ್ಡ್‌ಗಳು ಪಾಯಿಂಟ್ ನೀಡುವುದಿಲ್ಲ.

ಬಾಕಿ ಉಳಿಸಿಕೊಂಡರೆ ಲೆಕ್ಕ ತಲೆಕೆಳಗಾಗುತ್ತದೆ. ತಿಂಗಳಿಗೆ ಶೇ. 3.5 ಬಡ್ಡಿಯಂತೆ 1 ಲಕ್ಷ ರೂ. ಬಾಕಿಗೆ ಒಂದು ತಿಂಗಳ ಬಡ್ಡಿ 3,500 ರೂ., ಅದರ ಮೇಲಿನ ಜಿಎಸ್‌ಟಿ 630 ರೂ. ಅದೇ ಮೊತ್ತದ ಖರ್ಚಿನಿಂದ ದೊರೆತ ಮೈಲಿಗಳ ಬೆಲೆ ಕೇವಲ 1,000 ರೂ. ಬಾಕಿ ಇರುವವರೆಗೆ ಹೊಸ ಖರೀದಿಗಳಿಗೂ ಬಡ್ಡಿರಹಿತ ಅವಧಿ ದೊರೆಯುವುದಿಲ್ಲ. ವಿದೇಶಿ ಕರೆನ್ಸಿಯ ವ್ಯವಹಾರಕ್ಕೆ ಸಾಮಾನ್ಯವಾಗಿರುವ ಶೇ. 3.5ರ ಹೆಚ್ಚುವರಿ ಶುಲ್ಕವು ಜಿಎಸ್‌ಟಿ ಸೇರಿ ಶೇ. 4.13 ಆಗುತ್ತದೆ.

ಬಳಕೆಯ ಸ್ಥಳ

ಪಾಯಿಂಟ್‌ಗಳ ಉಪಯುಕ್ತತೆ ಊರಿನಿಂದ ಊರಿಗೆ ಬದಲಾಗುತ್ತದೆ. ಮೈಸೂರು ಜಿಲ್ಲೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಮೈಸೂರು ನಗರದಲ್ಲಿ ರ‍್ಯಾಡಿಸನ್, ಅಕೋರ್ ಮುಂತಾದ ಅಂತರರಾಷ್ಟ್ರೀಯ ಸರಪಳಿಗಳ ಹೋಟೆಲ್‌ಗಳಿವೆ. ಆದರೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯಲ್ಲಿರುವ ಕಬಿನಿ ಅಣೆಕಟ್ಟೆಯ ಹಿನ್ನೀರಿನ ಬಳಿ, ಕಾರಾಪುರದಲ್ಲಿ ವಸತಿಗೃಹ ನಡೆಸುವ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ರಾಜ್ಯ ಸರ್ಕಾರದ ಸಂಸ್ಥೆಯಾಗಿದೆ. ಅದು ಯಾವುದೇ ಅಂತರರಾಷ್ಟ್ರೀಯ ಹೋಟೆಲ್ ಸರಪಳಿಗೆ ಸೇರಿಲ್ಲವಾದ್ದರಿಂದ ಅಂತಹ ಸರಪಳಿಯ ಪಾಯಿಂಟ್‌ಗಳಿಂದ ಅಲ್ಲಿ ತಂಗಲಾಗದು. ಇಲ್ಲಿಗೆ ಬರುವವರಿಗೆ ನಗದು ಮರುಪಾವತಿ ನೀಡುವ ಕಾರ್ಡ್ ಹೆಚ್ಚು ಪ್ರಯೋಜನಕಾರಿ ಆಗಬಹುದು.

ಸಂಚಾರದ ವಿಷಯದಲ್ಲೂ ಹೀಗೆಯೇ. ಹುಣಸೂರು, ಪಿರಿಯಾಪಟ್ಟಣ ಮತ್ತು ಹೆಗ್ಗಡದೇವನಕೋಟೆ ಪಟ್ಟಣಗಳಿಗೆ ರೈಲು ಸಂಪರ್ಕವಿಲ್ಲ, ಕೃಷ್ಣರಾಜನಗರಕ್ಕೆ ಇದೆ. ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಿಂದ ಸಂಚಾರ ಸೀಮಿತವಾಗಿರುವುದರಿಂದ, ವಿಮಾನ ಮೈಲಿಗಳ ಬಳಕೆ ಬಹುಮಟ್ಟಿಗೆ ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವನ್ನು ಅವಲಂಬಿಸಿದೆ. 2022ರಿಂದ ರುಪೇ ಕ್ರೆಡಿಟ್ ಕಾರ್ಡ್‌ಗಳನ್ನು ಯುಪಿಐಗೆ ಜೋಡಿಸಲು ಅವಕಾಶವಿರುವುದರಿಂದ ಕಾರ್ಡ್ ಯಂತ್ರವಿಲ್ಲದ ಅಂಗಡಿಗಳಲ್ಲೂ ಕ್ಯೂಆರ್ ಸಂಕೇತದ ಮೂಲಕ ಪಾವತಿ ಸಾಧ್ಯವಾಗಿದೆ. ಅಂತಹ ಪಾವತಿಗೆ ಪಾಯಿಂಟ್ ದೊರೆಯುವುದು ಆಯಾ ಕಾರ್ಡಿನ ನಿಯಮಕ್ಕೆ ಒಳಪಟ್ಟಿದೆ.

ನಿಯಂತ್ರಣ

ಭಾರತೀಯ ರಿಸರ್ವ್ ಬ್ಯಾಂಕ್ 2022ರ ಏಪ್ರಿಲ್ 21ರಂದು ಹೊರಡಿಸಿದ ನಿರ್ದೇಶನಗಳು ಗ್ರಾಹಕರು ಕೇಳದೆ ಕಾರ್ಡ್ ವಿತರಿಸುವುದನ್ನು ನಿಷೇಧಿಸಿದವು. ಬಾಕಿಯಿಲ್ಲದ ಕಾರ್ಡನ್ನು ರದ್ದುಗೊಳಿಸುವ ಕೋರಿಕೆಯನ್ನು ಏಳು ಕೆಲಸದ ದಿನಗಳಲ್ಲಿ ಈಡೇರಿಸದಿದ್ದರೆ, ವಿತರಕರು ಗ್ರಾಹಕರಿಗೆ ದಿನಕ್ಕೆ 500 ರೂ. ದಂಡ ತೆರಬೇಕೆಂದು ಅವು ವಿಧಿಸಿದವು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟ್, ಕಾರ್ಡ್ ಬಾಕಿಯ ಬಡ್ಡಿಗೆ ವಾರ್ಷಿಕ ಶೇ. 30ರ ಮಿತಿ ಹೇರಿದ್ದ ರಾಷ್ಟ್ರೀಯ ಗ್ರಾಹಕ ಆಯೋಗದ 2008ರ ಆದೇಶವನ್ನು ತಳ್ಳಿಹಾಕಿತು. ಇದರಿಂದಾಗಿ ಆ ಮಿತಿಯ ರಕ್ಷಣೆ ಗ್ರಾಹಕರಿಗೆ ಉಳಿದಿಲ್ಲ.