ನೀರಗಂಟಿಯ ಮೊಮ್ಮಗಳಿಗೆ ನೀರುಳಿತಾಯದ ಪಾಠ

2024ರ ಮಾರ್ಚ್ ತಿಂಗಳು. ಬೆಂಗಳೂರಿನಲ್ಲಿ ನೀರಿಲ್ಲ ಎಂಬ ಸುದ್ದಿ ದೇಶ ದಾಟಿ ಹೋಗಿದ್ದ ದಿನಗಳು. ನಾನು ಪಾಠ ಮಾಡುವ ಕಾಲೇಜಿನಲ್ಲಿ ‘ಮನೆಯಲ್ಲಿ ನೀರಿನ ಉಳಿತಾಯ’ ಎಂಬ ವಿಷಯದ ಮೇಲೆ ಒಂದು ಉಪನ್ಯಾಸ ಏರ್ಪಟ್ಟಿತು. ಬಂದವರು ಒಳ್ಳೆಯವರೇ. ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸಿ, ಷವರ್ ಬಿಟ್ಟು ಬಕೆಟ್ಟಿನಲ್ಲಿ ಸ್ನಾನ ಮಾಡಿ, ಪೈಪು ಹಿಡಿದು ಕಾರು ತೊಳೆಯಬೇಡಿ, ನಿನ್ನೆ ಹಿಡಿದ ನೀರನ್ನು ಇವತ್ತು ಚೆಲ್ಲಬೇಡಿ ಎಂದರು. ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ‘ಸಾರ್, ನಮ್ಮನೇಲಿ ನಲ್ಲೀನೇ ಇಲ್ಲ, ಏನ್ ನಿಲ್ಸೋದು?’ ಅಂದಳು. ಸಭೆ ನಕ್ಕಿತು. ಅವಳೂ ನಕ್ಕಳು. ನನಗೆ ನಗು ಬರಲಿಲ್ಲ.

ಕಾರಣ ಹೇಳಬೇಕು. ನನ್ನ ತಾಯಿಯ ತಂದೆ ಬೆಂಗಳೂರಿನ ಅಂಚಿನ ಒಂದು ಹಳ್ಳಿಯಲ್ಲಿ ನೀರಗಂಟಿಯಾಗಿದ್ದವರು. ನೀರನ್ನು ಅಳೆಯುವುದು, ಉಳಿಸುವುದು, ಹಂಚುವುದು ನಮ್ಮ ಮನೆತನದ ಕಸುಬು. ಆ ಮನೆಯ ಮೂರನೇ ತಲೆಮಾರಿನವಳಾದ ನಾನು ಇತಿಹಾಸದಲ್ಲಿ ಎಂ.ಎ. ಮಾಡಿ, ಕೈಯಲ್ಲಿ ಹಾಜರಿ ಪುಸ್ತಕ ಹಿಡಿದುಕೊಂಡು, ನೀರು ಉಳಿಸುವುದು ಹೇಗೆ ಅಂತ ಕೇಳುತ್ತ ಕೂತಿದ್ದೆ. ಈ ಪಾಠ ಯಾರಿಂದ ಯಾರ ಕಡೆಗೆ ಹರಿಯುತ್ತಿದೆ? ನನ್ನ ಪ್ರಶ್ನೆ ಇಷ್ಟೆ.

ಬೆಂಗಳೂರಿನ ನೀರಿನ ಚರಿತ್ರೆಯನ್ನು ನಾವು ಓದುತ್ತ ಬಂದಿರುವುದು ದಿವಾನರ, ಎಂಜಿನಿಯರುಗಳ ಚರಿತ್ರೆಯಾಗಿ. ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1896ರಲ್ಲಿ, ಹೆಸರಘಟ್ಟದಿಂದ ಕೊಳವೆ ನೀರು ಬಂತು. ಮಳೆ ಕೈಕೊಟ್ಟು ಹೆಸರಘಟ್ಟ ಬತ್ತಿದ ಮೇಲೆ ಅರ್ಕಾವತಿ, ಕುಮುದ್ವತಿ ಕೂಡುವ ತಿಪ್ಪಗೊಂಡನಹಳ್ಳಿಯಲ್ಲಿ ಜಲಾಶಯ ಕಟ್ಟಿ 1933ರಲ್ಲಿ ನೀರು ತಂದರು. 1964ರಲ್ಲಿ ಜಲಮಂಡಳಿ ಹುಟ್ಟಿತು. 1974ರಲ್ಲಿ ಕಾವೇರಿ ಬಂದಳು, ಸುಮಾರು ನೂರು ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪು ಹತ್ತಿ. ಪ್ರತಿ ಘಟ್ಟಕ್ಕೂ ಒಂದು ಕೊಳವೆ, ಒಂದು ಯಂತ್ರ, ಒಬ್ಬ ಮಹಾಪುರುಷ. ಅದಕ್ಕೆ ಮುಂಚಿನದ್ದೆಲ್ಲ ‘ಕೆರೆಗಳ ಊರು’ ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗುತ್ತದೆ. ಧರ್ಮಾಂಬುಧಿ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು ಎಂದು ನಿಟ್ಟುಸಿರು ಬಿಡುವುದಕ್ಕೆ ನಮ್ಮಲ್ಲಿ ಜನ ಬೇಕಾದಷ್ಟಿದ್ದಾರೆ. ಕರಗದ ದೆಸೆಯಿಂದ ಸಂಪಂಗಿಯ ಒಂದು ತುಣುಕಾದರೂ ಕ್ರೀಡಾಂಗಣದ ಪಕ್ಕ ಉಳಿದಿದೆ. ಕೆರೆಯನ್ನು ನಡೆಸುತ್ತಿದ್ದ ಕೈಗಳ ಗುರುತು ಮಾತ್ರ ಎಲ್ಲೂ ಇಲ್ಲ.

ಕೆರೆ ತಾನಾಗಿ ನಡೆಯುವುದಿಲ್ಲ. ತೂಬನ್ನು ಎಷ್ಟು ಎತ್ತಬೇಕು, ಯಾವ ಕಾಲುವೆಗೆ ಎಷ್ಟು ಹೊತ್ತು ಬಿಡಬೇಕು, ಈ ವರ್ಷದ ನೀರಿಗೆ ಭತ್ತ ಹಾಕಬಹುದೋ ರಾಗಿಗೇ ಸಾಕೋ ಎಂಬುದನ್ನೆಲ್ಲ ಲೆಕ್ಕ ಹಾಕಬೇಕಿತ್ತು. ಹಳೇ ಮೈಸೂರಿನ ಬಹುಪಾಲು ಊರುಗಳಲ್ಲಿ ಈ ಲೆಕ್ಕ ನೀರಗಂಟಿಯದು. ತೂಬನ್ನು ಅವನಲ್ಲದೆ ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಎಂಥ ದೊಡ್ಡ ಒಕ್ಕಲಾದರೂ ತನ್ನ ಗದ್ದೆಗೆ ತಾನೇ ನೀರು ತಿರುವಿಕೊಳ್ಳುವ ಹಕ್ಕಿರಲಿಲ್ಲ. ಕೆರೆ ಅರ್ಧ ತುಂಬಿದ ವರ್ಷ ಅಚ್ಚುಕಟ್ಟನ್ನೂ ಅರ್ಧಕ್ಕೆ ಇಳಿಸಿ, ಆ ಅರ್ಧದಲ್ಲಿ ಎಲ್ಲರಿಗೂ ಒಂದೊಂದು ಪಾಲು ಕೊಡುವುದು ಹಲವು ಕಡೆ ಇದ್ದ ಪದ್ಧತಿ. ನಮ್ಮ ಊರಿನಲ್ಲಿ ಬರದ ವರ್ಷ ನೀರು ಮೊದಲು ಹೋಗುತ್ತಿದ್ದುದು ಕಾಲುವೆಯ ಕೊನೆಗೆ, ಬಾಲದ ಗದ್ದೆಗೆ. ‘ತೂಬಿನ ಪಕ್ಕದೋನು ಹೆಂಗೂ ಕದ್ದುಕೊಳ್ತಾನೆ, ಬಾಲದೋನಿಗೆ ಯಾರವ್ರೆ?’ ಎಂದು ಅಜ್ಜಿ ಇವತ್ತಿಗೂ ಹೇಳುತ್ತಾಳೆ. ತಾತನಿಗೆ ಓದು ಬರುತ್ತಿರಲಿಲ್ಲ. ಏರಿಯ ಮೇಲೆ ನಿಂತು, ನೀರಿಗೆ ಮುಳುಗಿದ ಒಂದು ಬಂಡೆಯ ನೆತ್ತಿ ನೋಡಿ, ಇನ್ನೆಷ್ಟು ದಿನದ ನೀರಿದೆ ಎನ್ನುತ್ತಿದ್ದರಂತೆ.

ಈ ನೀರಗಂಟಿ ಸಾಮಾನ್ಯವಾಗಿ ಹೊಲೆಯ ಅಥವಾ ಮಾದಿಗ. ಇಡೀ ಊರಿನ ಅನ್ನ ಬೆಳೆಯುವ ನೀರನ್ನು ಕೈಯಿಂದ ಮುಟ್ಟಿ ಹಂಚುತ್ತಿದ್ದವನು ಊರ ಸೇದುವ ಬಾವಿಯ ಕಟ್ಟೆಗೆ ಕಾಲಿಡುವ ಹಾಗಿರಲಿಲ್ಲ. ಗದ್ದೆಯ ನೀರು ಮೈಲಿಗೆಯಾಗುತ್ತಿರಲಿಲ್ಲ, ಕೊಡದ ನೀರು ಆಗುತ್ತಿತ್ತು. ಕಪಿಲೆಯದ್ದೂ ಇದೇ ಕತೆ. ಬಾವಿಯಿಂದ ಎತ್ತುಗಳು ಎಳೆಯುತ್ತಿದ್ದ ಆ ಬಾನಿ ತೊಗಲಿನದು, ಅದನ್ನು ಹೊಲಿದ ಕೈ ಮಾದಿಗನದು. ತೊಗಲಲ್ಲಿ ಬಂದ ನೀರು ಕುಡಿದ ಬಾಳೆ ದೇವರಿಗೆ ನಡೆಯುತ್ತಿತ್ತು. ಅಸ್ಪೃಶ್ಯತೆಗೆ ಶಾಸ್ತ್ರ ಎಷ್ಟಿತ್ತೋ ಅಷ್ಟೇ ಅನುಕೂಲಶಾಸ್ತ್ರವೂ ಇತ್ತು ಎಂಬುದನ್ನು ಮರೆಯಬಾರದು.

ಇಲ್ಲಿ ನಮ್ಮ ದಲಿತ ವಿಮರ್ಶೆಯ ಬಗ್ಗೆಯೂ ಒಂದು ತಕರಾರು ಎತ್ತಬೇಕಾಗಿದೆ. ಸಾಹಿತ್ಯದಲ್ಲಿ ದಲಿತ ಮತ್ತು ನೀರು ಎಂದ ಕೂಡಲೆ ನಮಗೆ ಹೊಳೆಯುವುದು ಬಾಯಾರಿದ ದಲಿತ. 1932ರಲ್ಲಿ ಪ್ರೇಮಚಂದರು ಬರೆದ ಠಾಕೂರನ ಬಾವಿಯ ಕತೆಯಲ್ಲಿ ಗಂಗಿ ಕತ್ತಲಲ್ಲಿ ಕದ್ದು ನೀರು ಸೇದಲು ಹೋಗಿ ಬರಿಗೈಲಿ ಓಡಿಬರುತ್ತಾಳೆ, ಗಂಡ ಕೊಳೆತ ನೀರನ್ನೇ ಕುಡಿಯುತ್ತಿರುತ್ತಾನೆ. ಕಾರಂತರ ‘ಚೋಮನ ದುಡಿ’ಯಲ್ಲಿ ಚೋಮನ ಮಗ ನೀಲ ಹೊಳೆಯಲ್ಲಿ ಮುಳುಗುತ್ತಾನೆ, ಮುಟ್ಟಬಾರದೆಂದು ದಡದ ಜನ ನೋಡುತ್ತ ನಿಲ್ಲುತ್ತಾರೆ. ಇವು ಸುಳ್ಳಲ್ಲ. ಆದರೆ ಎರಡರಲ್ಲೂ ನಮ್ಮವರು ನೀರಿನ ಅಂಚಿನಲ್ಲಿ ಅಸಹಾಯಕರಾಗಿ ಇರುವವರು, ಓದುಗನ ಕರುಣೆಗೆ ಕಾದಿರುವವರು. ನೀರನ್ನು ಬಲ್ಲ, ನೀರಿನ ಬಗ್ಗೆ ತೀರ್ಮಾನ ಕೊಡುವ ದಲಿತನನ್ನು ನಮ್ಮ ಕಥನ ಸಾಹಿತ್ಯ ಎಷ್ಟು ಕಂಡಿದೆ? ಕಂಡಿದ್ದರೂ ನಮ್ಮ ವಿಮರ್ಶೆ ಗುರುತಿಸಿದೆಯೆ? ಅಂಬೇಡ್ಕರರನ್ನೇ ನೋಡಿ. 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯ ನೀರು ಮುಟ್ಟಿದ ಅಂಬೇಡ್ಕರರು ನಮಗೆ ಗೊತ್ತು. 1942ರಿಂದ 46ರವರೆಗೆ ವೈಸರಾಯರ ಮಂಡಳಿಯ ಕಾರ್ಮಿಕ ಸದಸ್ಯರಾಗಿ ನೀರಾವರಿ ಮತ್ತು ವಿದ್ಯುತ್ತಿನ ಖಾತೆ ನೋಡಿಕೊಂಡು, ದಾಮೋದರ ಕಣಿವೆಯ ಯೋಜನೆಗೆ ದುಡಿದ ಅಂಬೇಡ್ಕರರು ನಮ್ಮ ಲೇಖನಗಳಲ್ಲಿ ಬರುವುದು ಅಪರೂಪ. ನೀರಿಗಾಗಿ ಕೈ ಚಾಚಿದವರು ನೆನಪಿದ್ದಾರೆ, ನೀರನ್ನು ಆಳಿದವರು ನೆನಪಿಲ್ಲ.

ಹಾಗಂತ ನೀರಗಂಟಿತನವನ್ನು ನಾನು ಹಾಡಿ ಹೊಗಳಲಾರೆ. ಇತ್ತೀಚೆಗೆ ಪರಿಸರದ ಗೆಳೆಯರು ‘ದೇಸಿ ಜ್ಞಾನ’ ಎಂದು ಅದನ್ನು ಹಿಡಿದು ಮೆರೆಸುವುದುಂಟು. ತಾತ ಕೆರೆ ಕಾಯುವುದರ ಜೊತೆಗೆ ಸತ್ತ ದನ ಎಳೆಯಬೇಕಿತ್ತು, ಸಾವಿನ ಸುದ್ದಿ ಹೊತ್ತು ಊರೂರು ತಿರುಗಬೇಕಿತ್ತು. ಕಣದಲ್ಲಿ ಕೊಡುವ ಕಾಳಿಗೆ ಕೈಯೊಡ್ಡಿ ನಿಲ್ಲಬೇಕಿತ್ತು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ ಜಾರಿಗೆ ಬಂದದ್ದು 1963ರಲ್ಲಿ. ತೋಟಿ, ತಳವಾರ, ನೀರಗಂಟಿ ಎಲ್ಲ ವಂಶಪಾರಂಪರ್ಯ ಚಾಕರಿಗಳೂ ಹೋದವು. ಹೋದದ್ದು ಒಳ್ಳೆಯದೇ ಆಯಿತು. ಆದರೆ ಚಾಕರಿ ಹೋಗುವಾಗ ಅದರೊಳಗಿದ್ದ ವಿದ್ಯೆಯನ್ನು ಯಾರೂ ಕೇಳಿ ಬರೆದುಕೊಳ್ಳಲಿಲ್ಲ. ಮರುವರ್ಷವೇ ನಗರದಲ್ಲಿ ಜಲಮಂಡಳಿ. ಅಲ್ಲಿ ನೀರು ಬಿಡುವ ಲೆಕ್ಕಕ್ಕೆ ಪದವಿ ಬೇಕು. ನೀರಗಂಟಿಯ ಮಕ್ಕಳು ನಗರಕ್ಕೆ ಬಂದರೆ ಸಿಕ್ಕಿದ್ದು ಪೊರಕೆ, ಮೋರಿ. ಅವ್ವನಿಗೆ ಸಿಕ್ಕಿದ್ದು ಪೊರಕೆ.

ಇನ್ನು ನೀರು ಪೋಲಾಗುವ ವಿಷಯ. ನೀರು ಪೋಲು ಮಾಡುವವರು ಅಶಿಕ್ಷಿತರು, ಬೀದಿ ನಲ್ಲಿಯನ್ನು ಸುರಿಯಲು ಬಿಟ್ಟುಹೋಗುವ ಬಡವರು ಎಂಬ ಚಿತ್ರ ನಮ್ಮ ಮಧ್ಯಮ ವರ್ಗದ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ. ಚರಿತ್ರೆ ಬೇರೆ ಹೇಳುತ್ತದೆ. ಮಡಿಗೆ ಎಷ್ಟು ನೀರು ಖರ್ಚಾಗಿದೆ ಎಂದು ಯಾರಾದರೂ ಲೆಕ್ಕ ಹಾಕಿದ್ದಾರೆಯೆ? ರಾತ್ರಿ ಕಳೆದ ನೀರು ತಂಗಳು, ಬೆಳಿಗ್ಗೆ ಚೆಲ್ಲಬೇಕು. ಗ್ರಹಣ ಹಿಡಿದರೆ ಹಂಡೆ, ಕೊಳಗ ಎಲ್ಲ ಬರಿದು ಮಾಡಬೇಕು. ನಮ್ಮವರು ಹಿಡಿದು ಹೋದ ಮೇಲೆ ನಲ್ಲಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಿ, ಎರಡು ಕೊಡ ನೀರು ಸುರಿದು, ಮೂರನೆಯದನ್ನು ಮನೆಗೆ ಒಯ್ಯಬೇಕು. ನಮ್ಮ ಬೀದಿಯಲ್ಲೇ ಇದು ನಡೆಯುತ್ತಿತ್ತು, ಅವ್ವ ಕಣ್ಣಾರೆ ಕಂಡದ್ದು. ಕೊಳಾಯಿ ನೀರು ಬಂದ ಹೊಸತರಲ್ಲಿ ಮಡಿವಂತರ ಮನೆಗಳಲ್ಲಿ ಅದು ಪೂಜೆಗೆ ಆಗುತ್ತಿರಲಿಲ್ಲ, ಬಾವಿ ನೀರೇ ಬೇಕಿತ್ತು. ಯಾಕೆಂದರೆ ನಲ್ಲಿಯೊಳಗೆ ಚರ್ಮದ ವಾಷರ್! (ನಲ್ಲಿ ಸೋರದ ಹಾಗೆ ತಡೆಯುತ್ತಿದ್ದದ್ದೂ ಅದೇ ವಾಷರ್. ನೀರುಳಿತಾಯದ ಮೊದಲ ಸಾಧನದೊಳಗೆ ನಮ್ಮವರ ತೊಗಲಿತ್ತು ಎಂದರೆ ಉಪನ್ಯಾಸಕರಿಗೆ ಸಿಟ್ಟು ಬಂದೀತು.) ಮಹಾಡದಲ್ಲೂ ಅಷ್ಟೆ. ಅಂಬೇಡ್ಕರರು ನೀರು ಮುಟ್ಟಿ ಹೋದ ಮೇಲೆ ಸವರ್ಣೀಯರು 108 ಮಡಕೆಗಳನ್ನಿಟ್ಟು, ಸಗಣಿ, ಗಂಜಲ, ಹಾಲು, ಮೊಸರು ಬಳಸಿ ಕೆರೆಯನ್ನು ‘ಶುದ್ಧಿ’ ಮಾಡಿದರು. ಕುಡಿಯುವ ನೀರಿಗೆ ಸಗಣಿ ಬೆರೆಸುವುದು ಶುದ್ಧಿ, ಬಾಯಾರಿದವನು ಬೊಗಸೆ ನೀರು ಕುಡಿಯುವುದು ಮೈಲಿಗೆ. ಆ ಕೆರೆಯ ಮೇಲಿನ ಹಕ್ಕು ಬಾಂಬೆ ಹೈಕೋರ್ಟಿನಲ್ಲಿ ಗಟ್ಟಿಯಾಗಲು 1937 ಬರಬೇಕಾಯಿತು.

ಮಡಿ ಹೋಯಿತಲ್ಲ, ಈಗ ಕೊಳವೆಗೆ ಜಾತಿ ಇಲ್ಲವಲ್ಲ ಎನ್ನುವವರಿದ್ದಾರೆ. ಕೊಳವೆಗೆ ಜಾತಿ ಇಲ್ಲ, ಸರಿ. ಕೊಳವೆಯ ಲೆಕ್ಕಕ್ಕೆ? ದೇಶದ ನಗರಗಳಿಗೆ ನೀರಿನ ಯೋಜನೆ ಮಾಡುವಾಗ ಎಂಜಿನಿಯರುಗಳು ಅನುಸರಿಸುತ್ತ ಬಂದ ಕೇಂದ್ರ ಸರ್ಕಾರದ 1999ರ ಕೈಪಿಡಿಯೊಂದಿದೆ. ಅದರ ಪ್ರಕಾರ ಮನೆಗೆ ಕೊಳವೆ, ಒಳಚರಂಡಿ ಎರಡೂ ಇರುವ ಪಟ್ಟಣದಲ್ಲಿ ತಲೆಗೆ ದಿನಕ್ಕೆ 135 ಲೀಟರ್, ಮಹಾನಗರದಲ್ಲಿ 150. ಬೀದಿ ನಲ್ಲಿಯಿಂದ ಹಿಡಿಯುವವರಿಗೆ 40. ಈ ನಲವತ್ತು ಯಾರದೋ ತಪ್ಪಿನಿಂದ, ಸೋರಿಕೆಯಿಂದ ಆದದ್ದಲ್ಲ. ಯೋಜನೆಯಲ್ಲೇ ಬರೆದದ್ದು. ಬೀದಿ ನಲ್ಲಿಯವನು ಕಡಿಮೆ ಬಳಸುತ್ತಾನೆ, ಆದ್ದರಿಂದ ಅವನಿಗೆ ಕಡಿಮೆ ಸಾಕು ಎಂಬ ತರ್ಕ ಅದು. ಹೊತ್ತು ತರಬೇಕಾದ್ದರಿಂದ ಕಡಿಮೆ ಬಳಸುತ್ತಾನೆ ಎಂಬುದು ಆ ತರ್ಕಕ್ಕೆ ಕಾಣುವುದಿಲ್ಲ. ಬೀದಿ ನಲ್ಲಿಯ ಮುಂದೆ ಕೊಡ ಇಟ್ಟು ಕಾಯುವ ಸಾಲಿನಲ್ಲಿ ಯಾವ ಯಾವ ಜಾತಿಯವರಿದ್ದಾರೆ ಎಂದು ಹೇಳಲು ಸಮೀಕ್ಷೆ ಬೇಕಿಲ್ಲ.

ನಾನು ಬೆಳೆದದ್ದು ಆ ನಲವತ್ತು ಲೀಟರಿನಲ್ಲಿ. ಅದಕ್ಕಿಂತ ಕಡಿಮೆಯೇ ಇರಬೇಕು. ಎರಡು ದಿನಕ್ಕೊಮ್ಮೆ ನೀರು, ಒಂದು ಸಾಲಿಗೆ ಒಂದು ನಲ್ಲಿ, ಮನೆಗೆ ಹತ್ತು ಕೊಡ, ನಾವು ಐದು ಜನ. ಅವ್ವ ಬೆಳಗಿನ ಜಾವ ಬೀದಿ ಗುಡಿಸಲು ಹೋಗುತ್ತಿದ್ದಳು, ನೀರು ಅದೇ ಹೊತ್ತಿಗೆ ಬರುತ್ತಿತ್ತು. ಹಾಗಾಗಿ ನಲ್ಲಿ ಕೆಲಸ ನನ್ನದು. ಆ ಹತ್ತು ಕೊಡಕ್ಕೆ ಅವ್ವನ ಹತ್ತಿರ ಒಂದು ಕ್ರಮವಿತ್ತು. ಎರಡು ಕೊಡ ಕುಡಿಯೋದಕ್ಕೆ, ಅಡಿಗೆಗೆ. ಅವುಗಳಿಗೆ ತಟ್ಟೆ ಮುಚ್ಚಿ ಮೇಲೊಂದು ಲೋಟ, ಆ ಲೋಟ ಬೇರೆಲ್ಲೂ ಅದ್ದುವಂತಿಲ್ಲ. ಅಕ್ಕಿ ತೊಳೆದ ಎರಡನೇ ನೀರಲ್ಲಿ ಬೇಳೆ ಬೇಯಬೇಕು. ಪಾತ್ರೆಯನ್ನು ಬೂದಿ ಹಾಕಿ ಒಣಗೈಯಲ್ಲಿ ಮೊದಲು ಉಜ್ಜಿ, ಆಮೇಲೆ ಬೋಗುಣಿಯಲ್ಲಿ ಅದ್ದಿ ತೆಗೆಯಬೇಕು. ಸ್ನಾನ ಅಗಲದ ಟಬ್ಬಿನಲ್ಲಿ ಕೂತು, ಒಬ್ಬರಿಗೆ ಅರ್ಧ ಬಕೆಟ್ಟು. ಟಬ್ಬಿಗೆ ಬಿದ್ದ ನೀರಲ್ಲಿ ಬಟ್ಟೆ ನೆನೆಯಬೇಕು, ಬಟ್ಟೆ ಒಗೆದ ನೀರು ಕಕ್ಕಸಿಗೆ. ನಾವು ಹೆಣ್ಣುಮಕ್ಕಳು ಮುಟ್ಟಾದ ದಿನಗಳಲ್ಲಿ ಅವ್ವ ತನ್ನ ಸ್ನಾನದ ನೀರನ್ನು ಬಿಟ್ಟುಕೊಡುತ್ತಿದ್ದಳು. ಕಸ ಎತ್ತಿ ಬಂದ ಮೈಗೆ ನೀರಿಲ್ಲದೆ, ಕೈಕಾಲು ಒರೆಸಿಕೊಂಡು ಉಣ್ಣಲು ಕೂರುವುದನ್ನು ನೋಡಿದ್ದೇನೆ. ‘ಇವರು ಗಲೀಜು’ ಎನ್ನುವವರು ಈ ಲೆಕ್ಕವನ್ನೂ ಸೇರಿಸಿಕೊಳ್ಳಬೇಕು. ನಗರವನ್ನು ಸ್ವಚ್ಛ ಮಾಡುವವರಿಗೆ ಸ್ವಚ್ಛವಾಗಿರಲು ನೀರು ಕೊಡದೆ, ಆಮೇಲೆ ಅವರ ಸ್ವಚ್ಛತೆಯ ಬಗ್ಗೆ ಮಾತಾಡುವುದು ಈ ಊರಿಗೆ ಅಭ್ಯಾಸವಾಗಿದೆ.

2024ಕ್ಕೆ ಮರಳುತ್ತೇನೆ. ಹಿಂದಿನ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾಗಿದ್ದವು. ನಗರಕ್ಕೆ ದಿನಕ್ಕೆ 260 ಕೋಟಿ ಲೀಟರ್ ಬೇಕು, ಕಾವೇರಿಯಿಂದ ಬರುವುದು 145 ಕೋಟಿ, ಸುಮಾರು 50 ಕೋಟಿ ಕೊರತೆ ಎಂದು ಸರ್ಕಾರವೇ ಹೇಳಿತು. ಕುಡಿಯುವ ನೀರಲ್ಲಿ ಕಾರು ತೊಳೆದರೆ, ಕೈತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆಜ್ಞೆ ಹೊರಡಿಸಿತು. ಹೋಟೆಲು, ಮಾಲುಗಳ ನಲ್ಲಿಗಳಿಗೆ ನೀರು ತೆಳುವಾಗಿಸುವ ಏರಿಯೇಟರ್ ಕಡ್ಡಾಯವಾಯಿತು. ಇವೆಲ್ಲ ಬೇಕಾದ ಕ್ರಮಗಳೇ, ನನ್ನ ತಕರಾರಿಲ್ಲ. 2009ರಿಂದ ಮಳೆನೀರು ಕೊಯ್ಲು ಕಡ್ಡಾಯವಾದದ್ದೂ ಒಳ್ಳೆಯದೇ. ಆದರೆ ಗಮನಿಸಿ: ಕಾರು, ಕೈತೋಟ, ಸ್ವಂತ ಸೈಟು, ಸ್ವಂತ ತಾರಸಿ. ಉಳಿತಾಯದ ಈ ಭಾಷೆ ಉಳಿಸಲು ಏನಾದರೂ ಇರುವವರ ಭಾಷೆ. ಅದನ್ನೇ ಶೀಟು ಹೊದಿಸಿದ ಮನೆಯವರಿಗೂ ಕರಪತ್ರ ಮಾಡಿ ಹಂಚಿದಾಗ, ಬೇಡಿಕೆಯ ಮಾತು ಆಡಬೇಕಾದವರ ಬಾಯಿಗೆ ಮಿತವ್ಯಯದ ಮಾತು ತುರುಕಿದಂತಾಗುತ್ತದೆ. ನಮ್ಮ ಕಾಲೊನಿಯ ಹೋರಾಟಗಾರರು ಕೇಳಬೇಕಾದದ್ದು ನಲವತ್ತನ್ನು ನೂರಾ ಐವತ್ತು ಮಾಡಿ ಎಂದು. ಆಮೇಲೆ ಉಳಿತಾಯದ ಮಾತಾಡೋಣ.

ತಾತನ ಊರು 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಲ್ಲಿ ಒಂದು. ಅಚ್ಚುಕಟ್ಟೆಲ್ಲ ಬಡಾವಣೆಯಾಗಿದೆ. ನೀರಗಂಟಿ ಇನಾಮಿನ ಎರಡು ಎಕರೆಯೂ ಆ ಬಡಾವಣೆಯೊಳಗೆ ಎಲ್ಲೋ ಇದೆ. ಅದು ಕೈಬಿಟ್ಟುಹೋದ ಕತೆ ಬೇರೆ. ಈ 110 ಹಳ್ಳಿಗಳಿಗೆಂದು ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಅದಕ್ಕೆ ಮುಂಚಿನ ಆ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಊರಿಗೆ ಟ್ಯಾಂಕರ್ ಬರುತ್ತಿತ್ತು. 6,000 ಲೀಟರಿಗೆ 600 ರೂಪಾಯಿ ಎಂದು ಜಿಲ್ಲಾಡಳಿತ ದರ ಕಟ್ಟಿದ್ದ ದಿನಗಳು. ಕಾಲೇಜಿನ ಉಪನ್ಯಾಸ ಮುಗಿದ ವಾರ ನಾನು ಅಜ್ಜಿಯನ್ನು ನೋಡಲು ಹೋಗಿದ್ದೆ. ಟ್ಯಾಂಕರ್ ಊರ ಮುಂದೆ ನಿಂತಿತ್ತು, ಪೈಪಿನ ಬಾಯಿಯ ಹತ್ತಿರ ತಳ್ಳಾಟ. ನಮ್ಮ ಕೇರಿ ಊರ ಕೊನೆಗಿರುವುದರಿಂದ ಅಲ್ಲಿಗೆ ಪೈಪು ಮುಟ್ಟುವುದು ಕೊನೆಗೆ, ಆ ಹೊತ್ತಿಗೆ ಟ್ಯಾಂಕರಿನ ತಳ ಕಾಣಿಸುತ್ತದೆ. ಅಜ್ಜಿಗೆ ಎಂಬತ್ತರ ಹತ್ತಿರ, ಕಣ್ಣು ಮಂಜು. ಕೋಲೂರಿಕೊಂಡು ಹೋಗಿ ಟ್ಯಾಂಕರ್ ಹುಡುಗನ ಮುಂದೆ ನಿಂತು, ‘ಲೇ ಮಗಾ, ಬಾಲದಿಂದ ಬಿಡ್ಕೊಂಡು ಬರಬೇಕು ಕಣೋ ನೀರ್ನ’ ಅಂದಳು. ಅವನಿಗೆ ಅರ್ಥವಾಗಲಿಲ್ಲ. ‘ದುಡ್ಡು ಯಾರು ಕೊಟ್ಟವ್ರೋ ಅವ್ರಿಗೆ ಮೊದ್ಲು ಅಜ್ಜಿ, ಪಕ್ಕಕ್ ಬಾ’ ಅಂತ ಮೆತ್ತಗೆ ತೋಳು ಹಿಡಿದು ಅವಳನ್ನು ಪಕ್ಕಕ್ಕೆ ನಿಲ್ಲಿಸಿದ.