ಹುಷಾರಿಲ್ಲವೆಂದು ಹಿಂದೆ ಉಳಿದ ಬಿಲ್ ನನ್

ನಮ್ಮ ಕಾಸರಗೋಡಿನ ಮಕ್ಕಳಿಗೆ ಫುಟ್‌ಬಾಲ್ ಎಂದರೆ ಕಾಲಿನ ಆಟ. ಅಮೆರಿಕದವರ ಫುಟ್‌ಬಾಲ್‌ನಲ್ಲಿ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ. ಅಲ್ಲಿ ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವುದಕ್ಕೆ ಡ್ರಾಫ್ಟ್ ಎನ್ನುತ್ತಾರೆ.

ಮೊದಲ ಡ್ರಾಫ್ಟ್ ನಡೆದದ್ದು 1936ರಲ್ಲಿ, ಫಿಲಡೆಲ್ಫಿಯಾದಲ್ಲಿ. ಆಗ ಪತ್ರಿಕೆಯಲ್ಲಿ ಓದಿದ್ದು, ಯಾರೋ ಹೇಳಿದ್ದು, ಇಷ್ಟೇ ಆಧಾರ. ಮೊದಲು ಆಯ್ಕೆಯಾದ ಜೇ ಬರ್ವಾಂಗರ್ ವೃತ್ತಿಪರ ಪಂದ್ಯ ಆಡಲೇ ಇಲ್ಲ!

ಮುಂದೆ ತಂಡಗಳು ಆಟಗಾರರನ್ನು ನೋಡಿ ಬರಲು ಸ್ಕೌಟ್‌ಗಳನ್ನು ನೇಮಿಸಿದವು. ಆದರೂ ಕಪ್ಪು ಜನರ ಕಾಲೇಜುಗಳತ್ತ ಸುಳಿದವರು ಕಡಿಮೆ. ಬಿಲ್ ನನ್ ಎಂಬವರು 'ಪಿಟ್ಸ್‌ಬರ್ಗ್ ಕೂರಿಯರ್' ಎಂಬ ಕಪ್ಪು ಜನರ ಪತ್ರಿಕೆಯಲ್ಲಿ ಆ ಕಾಲೇಜುಗಳ ಉತ್ತಮ ಆಟಗಾರರ ಪಟ್ಟಿಯನ್ನು ವರ್ಷವರ್ಷವೂ ಕೊಡುತ್ತಿದ್ದರು. ಅದೇ ಊರಿನ ಸ್ಟೀಲರ್ಸ್ ತಂಡದವರು ತನ್ನನ್ನೊಮ್ಮೆ ವಿಚಾರಿಸಲಿಲ್ಲವೆಂಬ ಸಿಟ್ಟು ಅವರಿಗೆ. ವಿಷಯ ತಿಳಿದ ತಂಡದವರು 1960ರ ದಶಕದ ಕೊನೆಗೆ ಅವರನ್ನೇ ಕೆಲಸಕ್ಕೆ ಕರೆದರು.

ಅಲಬಾಮಾದ ಎ ಆ್ಯಂಡ್ ಎಂ ಕಾಲೇಜಿನಲ್ಲಿ ಜಾನ್ ಸ್ಟಾಲ್‌ವರ್ತ್ ಎಂಬ ಹುಡುಗನಿದ್ದ. ಒದ್ದೆ ನೆಲದಲ್ಲಿ ಓಡಿಸಿ ನೋಡಿದ ಸ್ಕೌಟ್‌ಗಳು, ವೇಗ ಸಾಲದೆಂದು ಬರೆದುಕೊಂಡು ಹೊರಟರು. ನನ್ ಮಾತ್ರ ಹುಷಾರಿಲ್ಲವೆಂದು ನೆಪ ಹೇಳಿ ಉಳಿದು, ನೆಲ ಒಣಗಿದ ಮೇಲೆ ಮತ್ತೊಮ್ಮೆ ಓಡಿಸಿದರಂತೆ. (ನಾವೂ ಒಂದೇ ಪರೀಕ್ಷೆಯ ಅಂಕ ನೋಡಿ ಹಣೆಪಟ್ಟಿ ಹಚ್ಚುತ್ತೇವಲ್ಲ!) 1974ರ ಡ್ರಾಫ್ಟ್‌ನ ನಾಲ್ಕನೇ ಸುತ್ತಿನಲ್ಲಿ ಸ್ಟೀಲರ್ಸ್ ಅವನನ್ನು ಆರಿಸಿತು. ಮುಂದಿನ ಆರು ಋತುಗಳಲ್ಲಿ ತಂಡ ನಾಲ್ಕು ಬಾರಿ ಚಾಂಪಿಯನ್ ಆಯಿತು.

ಸ್ಟಾಲ್‌ವರ್ತ್‌ಗೆ 2002ರಲ್ಲೇ ಹಾಲ್ ಆಫ್ ಫೇಮ್ ಗೌರವ ಸಿಕ್ಕಿತು. ನನ್ ಅವರಿಗೆ ಅದು ಬಂದದ್ದು 2021ರಲ್ಲಿ, ತೀರಿಕೊಂಡು ಏಳು ವರ್ಷಗಳಾದ ಮೇಲೆ.